ಕೀಲಿಕೈ ಯಾರ ಕೈಯಲ್ಲಿ

ಮುಬಾಶಿರಾ ಗಂಗಾವತಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಬಂದವರು ರವಿಕೆ ಕತ್ತರಿಸುವುದನ್ನಷ್ಟೇ ಕಲಿತು ಹೋಗುತ್ತಿರಲಿಲ್ಲ, ಮನೆಯ ಸಂಕಟವನ್ನೂ ಅವಳೆದುರು ಬಿಚ್ಚಿಡುತ್ತಿದ್ದರು. ಮರಳಿ ಗ್ರಾಮದ ದುರಗಮ್ಮನ ಬೆನ್ನಿಗೆ ಗಂಡ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಿದ್ದ. ಮುಬಾಶಿರಾ ಅವಳನ್ನು ಕುಕನೂರಿನಲ್ಲಿದ್ದ ತನ್ನ ಸೋದರತ್ತೆ ಬಾನುಬೀಯ ಮನೆಗೆ ಗುಟ್ಟಾಗಿ ಕಳಿಸಿದಳು.

"ಫೋನ್ ಬಂದ್ ಮಾಡಲೇನ್ರಿ ಅಕ್ಕಾರ?" ಎಂದು ಹೊರಡುವಾಗ ದುರಗಮ್ಮ ಕೇಳಿದ್ದಳು.

"ಬ್ಯಾಡ. ಮೆಸೇಜಿಗೆ ಕೀಲಿ ಹಾಕಿರತೈತಿ. ನೀನು ಬರೆದದ್ದು ನನಗಷ್ಟ, ನಾನು ಬರೆದದ್ದು ನಿನಗಷ್ಟ. ನಡುವ ಯಾರಿಗೂ ಕಾಣೂದಿಲ್ಲ."

ಹನ್ನೊಂದನೆಯ ದಿನ ಗಂಡ ಬಾನುಬೀಯ ಬಾಗಿಲಲ್ಲಿ ನಿಂತಿದ್ದ. ಓಣಿಯವರು ಬಂದು ಬಿಡಿಸುವಷ್ಟರಲ್ಲಿ ದುರಗಮ್ಮನ ಎಡಗೈ ಮುರಿದಿತ್ತು. ಹೊಡೆಯುತ್ತಲೇ ಅವನು ಜಂಬ ಕೊಚ್ಚಿಕೊಂಡಿದ್ದ: "ನಿನ್ನ ಫೋನ್ ಯಾವ ಟವರಿನ ಕೆಳಗೈತಿ ಅಂತ ನಮ್ಮ ಮಾವನ ಮಗ ಠಾಣೇದಾಗ ಕುಂತು ನೋಡಿ ಹೇಳ್ಯಾನ!"

ಮೆಸೇಜಿನ ಕೀಲಿ ಮುರಿದಿರಲಿಲ್ಲ. ಫೋನೇ ಅವಳ ಜಾಗ ತೋರಿಸಿಕೊಟ್ಟಿತ್ತು. ಹೀಗೂ ಆಗಬಹುದೆಂದು ಮುಬಾಶಿರಾಗೆ ಗೊತ್ತಿರಲಿಲ್ಲ. ಆದರೆ ಆಸ್ಪತ್ರೆಯ ಮಂಚದ ಬಳಿ "ಗೊತ್ತಿರಲಿಲ್ಲ" ಎಂಬ ನೆಪವನ್ನು ಅವಳು ಹೇಳಲಿಲ್ಲ. ಗಂಡನ ಮೇಲೆ ಕೇಸಾಯಿತು, ಜಾಮೀನೂ ಸಿಕ್ಕಿತು. ಠಾಣೆಯಲ್ಲಿದ್ದ ಮಾವನ ಮಗನ ಸಂಗತಿಯನ್ನು ಮಾತ್ರ ಪೊಲೀಸರು ಬರೆದುಕೊಳ್ಳಲಿಲ್ಲ.

ಮರುತಿಂಗಳು ಚುನಾವಣೆ. ಮಹಿಳಾ ಸಂಘದವರು ಅಭ್ಯರ್ಥಿಗಳನ್ನು ಕಲ್ಯಾಣಮಂಟಪಕ್ಕೆ ಕರೆಸಿದರು. ಎರಡು ಸಲ ಗೆದ್ದಿದ್ದ ಅಮರಪ್ಪ ಬಂದ. ಮೊದಲ ಸಲ ನಿಂತಿದ್ದ ಕೊಪ್ಪಳದ ವಕೀಲ ಗವಿಸಿದ್ದೇಶನೂ ಬಂದ. ಕಾಲುವೆ ನೀರು, ರೇಷನ್ನಿನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಮೈಕು ಮುಬಾಶಿರಾಗೆ ಸಿಕ್ಕಿತು. ನಮ್ಮ ಫೋನಿನೊಳಗೆ ಇಣುಕುವ ಅಧಿಕಾರ ಯಾರಿಗಿರಬೇಕು ಎಂದು ಅವಳು ಕೇಳಿದಳು.

"ನಮ್ಮ ಮಾತು ಸ್ಪಷ್ಟ ಐತ್ರಿ," ಎಂದ ಅಮರಪ್ಪ. "ಎಲ್ಲಾ ಮೆಸೇಜಿನ ಕೀಲಿಕೈ ಸರ್ಕಾರದ ಹತ್ರಾನೂ ಒಂದು ಇರಬೇಕು. ಇಲ್ಲಾಂದ್ರ ಕಳ್ಳಕಾಕರನ್ನ ಹೆಂಗ ಹಿಡೀಬೇಕು? ತಪ್ಪು ಮಾಡದವರಿಗೆ ಯಾಕ ಅಂಜಿಕಿ?"

ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಹೊಲಿಗೆ ಕಲಿಯಲು ಬರುತ್ತಿದ್ದ ಶಮೀನಾಳೂ ಇದ್ದಳು. ಅವಳ ಮಗಳ ಫೋಟೊ ಇಟ್ಟುಕೊಂಡು ಹೆದರಿಸುತ್ತಿದ್ದವನನ್ನು ಪೊಲೀಸರು ಫೋನಿನ ಜಾಡು ಹಿಡಿದೇ ಬಂಧಿಸಿದ್ದರು. ಅದನ್ನು ಮುಬಾಶಿರಾ ಅಲ್ಲಗಳೆಯುವಂತಿರಲಿಲ್ಲ.

ಗವಿಸಿದ್ದೇಶ ಎದ್ದು, "ಖಾಸಗಿತನ ನಮ್ಮ ಹಕ್ಕು. ಆದ್ರ ದೇಶದ ಭದ್ರತಾನೂ ನೋಡಬೇಕಾಗತೈತಿ..." ಎಂದು ಅಲ್ಲಿಗೇ ನಿಲ್ಲಿಸಿ ಕುಳಿತ.

"ಸರ್ಕಾರದ ಹತ್ರ ಅಂದ್ರ ಯಾರ ಕೈಯಾಗ್ರಿ?" ಮುಬಾಶಿರಾ ಮೈಕು ಬಿಡಲಿಲ್ಲ. "ಅಲ್ಲಿ ಕುಂತಂವ ಯಾರದೋ ಮಾವನ ಮಗ ಇರ್ತಾನಲ್ರಿ. ಓಡಿಹೋದ ಹೆಂಡ್ತಿನ್ನ ಅಂವ ಹುಡುಕಿ ಕೊಟ್ರ?"

"ಹಂಗ ಆಗೈತೇನವ್ವಾ?" ಎಂದ ಅಮರಪ್ಪ. "ಯಾವ ಠಾಣೆ? ಆಕಿ ಹೆಸರೇನು? ಹೇಳು, ನಾಳೆನ ಕ್ರಮ ತಗೊಳಸ್ತೀನಿ."

ನಾಲ್ಕಾರು ಮೊಬೈಲುಗಳು ಅವಳತ್ತ ತಿರುಗಿದವು. ಕೊನೆಯ ಸಾಲಿನಲ್ಲಿ, ಸೆರಗಿನಡಿ ಪಟ್ಟಿ ಕಟ್ಟಿದ ಕೈ ಮುಚ್ಚಿಕೊಂಡು ದುರಗಮ್ಮ ಕುಳಿತಿದ್ದಳು. ಹೆಸರು ಮುಬಾಶಿರಾಳ ತುಟಿಯವರೆಗೆ ಬಂತು. ಹೇಳಿಬಿಟ್ಟರೆ ಇಡೀ ಸಭೆಯೇ ಅವಳತ್ತ ವಾಲುತ್ತಿತ್ತು. ಆದರೆ ಸಂಜೆಯೊಳಗೆ ಆ ಹೆಸರು ಊರೂರಿನ ಫೋನಿಗೂ ಹೋಗುತ್ತಿತ್ತು.

"ಹೇಳಾಕ ಬರೂದಿಲ್ರಿ," ಎಂದಳು.

"ಹಂಗಾದ್ರ ಗಾಳಿಸುದ್ದಿ ಹಬ್ಬಸಬ್ಯಾಡ್ರಿ ಟೀಚರ್," ಎಂದ ಅಮರಪ್ಪ. ಸಭೆ ನಕ್ಕಿತು.

ಹೊರಗೆ ಮೆಟ್ಟಿಲ ಮೇಲೆ ದುರಗಮ್ಮ ಕಾದಿದ್ದಳು. "ನನ್ನ ಹೆಸರು ಯಾಕ ಹೇಳಲಿಲ್ರಿ? ಎಲ್ಲಾರೂ ನಿಮ್ಮನ್ನ ನೋಡಿ ನಕ್ರು."

"ನಿನ್ನ ಕೇಳಿರಲಿಲ್ಲಲ್ಲ. ಒಮ್ಮೆ ಗೊತ್ತಿಲ್ದ ನಿನ್ನ ಹಿಡಕೊಟ್ಟೇನಿ. ಗೊತ್ತಿದ್ದೂ ಹಿಡಕೊಡ್ಲೇನು?"

ದುರಗಮ್ಮ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಿಂದ ಹೊರತೆಗೆದಳು. ಆಮೇಲೆ, "ಅರ್ಜಿ ನಾನ ಕೊಡ್ತೀನ್ರಿ. ದೊಡ್ಡ ಪೊಲೀಸ್ ಸಾಹೇಬ್ರಿಗೆ, ಕಾಗದದಾಗ. ಸಭಾದಾಗ ಬ್ಯಾಡ," ಎಂದಳು.

ಗುರುತಿನ ವಕೀಲರು ಬೇರೆ ಯಾರೂ ಇಲ್ಲದ್ದರಿಂದ ಇಬ್ಬರೂ ಗವಿಸಿದ್ದೇಶನ ಬಳಿಗೇ ಹೋದರು. ಅವನು ಎಲ್ಲ ಕೇಳಿ ತಲೆ ತಗ್ಗಿಸಿದ. "ಅವತ್ತ ನಾನು ಬಾಯಿ ಬಿಡಬೇಕಾಗಿತ್ತು. ವೋಟಿಗೆ ಅಂಜಿದೆ." ಅರ್ಜಿ ಬರೆದು ಮುಗಿಸಿ, ಹೆಸರಿಲ್ಲದೆ ಈ ಸಂಗತಿಯನ್ನು ಭಾಷಣದಲ್ಲಿ ಹೇಳಬಹುದೇ ಎಂದು ಕೇಳಿದ. ದುರಗಮ್ಮ ಬೇಡವೆಂದಳು. ಅವನು ಎಲ್ಲಿಯೂ ಹೇಳಲಿಲ್ಲ.

ಅಮರಪ್ಪ ಮೂರನೇ ಸಲವೂ ಗೆದ್ದ. ಅರ್ಜಿ ನಾಲ್ಕು ತಿಂಗಳು ಮೇಜಿಂದ ಮೇಜಿಗೆ ಅಲೆಯಿತು. ಯಾವ ಕೇಸೂ ಇಲ್ಲದೆ ದುರಗಮ್ಮನ ನಂಬರಿನ ಜಾಗವನ್ನು ಮೂರು ಸಲ ತೆಗೆಸಿದ್ದು ಕೊನೆಗೆ ದಾಖಲೆಯಲ್ಲಿ ಸಿಕ್ಕಿತು. ಆ ಪೊಲೀಸನನ್ನು ಅಮಾನತು ಮಾಡಿದರು. ವಿಚಾರಣೆ ಇನ್ನೂ ಮುಗಿದಿಲ್ಲ.

ಅಷ್ಟರಲ್ಲಿ ದುರಗಮ್ಮ ಊರು ಬಿಟ್ಟಿದ್ದಳು. ಒಂದು ಮಧ್ಯಾಹ್ನ ಗುರುತಿಲ್ಲದ ನಂಬರಿನಿಂದ ಕರೆ ಬಂತು.

"ಆರಾಮ ಅದೀನ್ರಿ ಅಕ್ಕಾರ. ಹೊಲಿಗಿ ಕೆಲಸ ಸಿಕ್ಕೈತಿ. ಕೈ ಪೂರಾ ನೆಟ್ಟಗಾಗಿಲ್ಲ, ಆದ್ರೂ ಬಟ್ಟಿ ಹಿಡಿಯಾಕ ಬರತೈತಿ."

ಹೊತ್ತಿಗೆ ಊಟ ಮಾಡುತ್ತೀಯಾ, ನಿದ್ದೆ ಬರುತ್ತದೆಯಾ ಎಂದು ಮುಬಾಶಿರಾ ಕೇಳಿದಳು. ಯಾವ ಊರಲ್ಲಿದ್ದೀ ಎಂದು ಮಾತ್ರ ಕೇಳಲಿಲ್ಲ.