ಹತ್ತು ವರ್ಷದ ನೋವು

ಹಳೇ ಮರದ ಸಾಮಾನು ಮಾರುವವರಿಗೆ ಒಂದು ಚಟವಿರುತ್ತದೆ. ಕಣ್ಣಿಗೆ ಬಿದ್ದದ್ದಕ್ಕೆಲ್ಲ ವಯಸ್ಸು ಸೇರಿಸಿ ಹೇಳುವುದು. ನಮ್ಮ ಈ ಅಂಗಡಿಯವನಿಗಂತೂ ಅದು ಮೈಗೇ ಅಂಟಿತ್ತು. ಮೊನ್ನೆ ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋದ ಕುರ್ಚಿ ಕೂಡ ಅವನ ಅಂಗಡಿಯ ಹೊಸ್ತಿಲು ದಾಟಿದ್ದೇ ತಡ, ‘ಮುತ್ತಜ್ಜನ ಕಾಲದ್ದು ಸ್ವಾಮಿ’ ಆಗಿಬಿಡುತ್ತಿತ್ತು. ಬೀದಿಯವರು ಕಡೆಗೆ ಅವನನ್ನೇ ಮುತ್ತಜ್ಜ ಎಂದು ಕರೆಯತೊಡಗಿದರು. ಪಾಪ, ಅವನಿಗಿನ್ನೂ ಐವತ್ತು ತುಂಬಿರಲಿಲ್ಲ.

ಆ ಚಟವೇ ಈಗ ಕುತ್ತಿಗೆಗೆ ಬಂದಿತ್ತು. ಹೆಂಡತಿಗೆ ಸಂಧಿವಾತ. ಬೆಳಗಾದರೆ ಬೆರಳಿನ ಗೆಣ್ಣುಗಳು ಊದಿಕೊಂಡು ಲೋಟ ಹಿಡಿಯುವುದೂ ಕಷ್ಟ. ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ತಿಂಗಳಿಗೊಂದು ಇಂಜೆಕ್ಷನ್ ಕೊಡಿಸುತ್ತ ಹದ್ದುಬಸ್ತಿನಲ್ಲಿ ಇಡಬೇಕು, ಬಿಟ್ಟರೆ ಬೆರಳುಗಳು ಸೊಟ್ಟಗಾಗಿ ಹಾಗೇ ನಿಂತುಬಿಡುತ್ತವೆ ಎಂದು ವೈದ್ಯರು ಹೇಳಿದ್ದರು. ಅದರ ಬೆಲೆ ಇವರ ಕೈಗೆಟುಕುವಂಥದ್ದಲ್ಲ. ವಿಮೆ ಇದೆಯಲ್ಲ ಎಂಬ ಧೈರ್ಯದಲ್ಲಿದ್ದರೆ, ಕಂಪನಿಯವರು ಕ್ಲೇಮನ್ನೇ ತಳ್ಳಿಹಾಕಿದರು. ರೋಗಿಗೆ ಹತ್ತು ವರ್ಷಗಳಿಂದ ಕೀಲುನೋವಿದೆ ಎಂದು ಆಸ್ಪತ್ರೆಯವರೇ ಬರೆದಿದ್ದಾರೆ, ಪಾಲಿಸಿ ಮಾಡಿಸಿ ನಾಲ್ಕೇ ವರ್ಷ, ಆದ್ದರಿಂದ ನೀವು ಕಾಯಿಲೆ ಮುಚ್ಚಿಟ್ಟಿದ್ದೀರಿ ಎಂಬುದು ಅವರ ವಾದ.

ಆ ಹತ್ತು ವರ್ಷ ಹೇಳಿದ್ದು ಯಾರು? ಇದೇ ಮಹಾನುಭಾವ. ಎಷ್ಟು ದಿನದಿಂದ ನೋವು ಎಂದು ವೈದ್ಯರು ಕೇಳಿದ್ದು ಹೆಂಡತಿಯನ್ನು. ಅವಳು ಬಾಯಿ ತೆರೆಯುವಷ್ಟರಲ್ಲಿ ಇವನು, “ಅಯ್ಯೋ, ಹತ್ತು ವರ್ಷದ ನೋವು ಡಾಕ್ಟ್ರೇ!” ಎಂದುಬಿಟ್ಟಿದ್ದ. ಅವನಿಗೆ ಗೊತ್ತಿದ್ದಂತೆ ಅವಳು ಕೈನೋವು ಎಂದು ಬಾಯಿಬಿಟ್ಟಿದ್ದೇ ಹಿಂದಿನ ವರ್ಷ. ಒಂದು ವರ್ಷ ಎಂದರೆ ಸಸಾರ ಮಾಡಿ ಮುಲಾಮು ಕೊಟ್ಟು ಕಳಿಸಿಬಿಡುತ್ತಾರೆ ಎಂಬ ಭಯ ಅವನಿಗೆ. ಹಳೆಯದಕ್ಕೇ ಬೆಲೆ ಎಂದು ನಂಬಿ ಸಂಸಾರ ನಡೆಸಿದವನು ಇನ್ನೇನು ಹೇಳಿಯಾನು!

ಇವತ್ತು ವಿಮೆಯ ತಕರಾರು ಕೇಳುವ ಕಚೇರಿಯಲ್ಲಿ ವಿಚಾರಣೆ. ಮನೆಯಿಂದ ಹೊರಡುವಾಗಲೇ ಮಗಳು ಎಚ್ಚರಿಸಿದ್ದಳು. “ಅಪ್ಪಾ, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿನ್ನ ಪುರಾಣ ಶುರು ಮಾಡ್ಬೇಡ.”

ಹೊರಗಿನ ಪಡಸಾಲೆಯಲ್ಲಿ ಕಾಯುವಾಗ ಮುತ್ತಜ್ಜ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿದ. ಬೆಂಚಿನ ಮೇಲೆ ಕೂತ, ಎದ್ದ, ಅದರ ಕಾಲು ಅಲ್ಲಾಡಿಸಿ ನೋಡಿದ, ನೀರು ಕುಡಿದ, ಬಾಗಿಲ ಸಂದಿಯಲ್ಲಿ ಇಣುಕಿ ಜವಾನನಿಂದ ಬೈಸಿಕೊಂಡ. ಕ್ಲೇಮ್ ತಳ್ಳಿಹಾಕಿದ ಮೇಲೆ ಎರಡು ಇಂಜೆಕ್ಷನ್ ತಪ್ಪಿದ್ದವು. ಅವಳ ನಡುಬೆರಳು ಆಗಲೇ ಪಕ್ಕಕ್ಕೆ ವಾಲಿದೆಯೇನೋ ಎಂಬ ಅನುಮಾನ ಅವನನ್ನು ತಿನ್ನುತ್ತಿತ್ತು. ಕೇಳಲು ಧೈರ್ಯವಿಲ್ಲ, ನೋಡದೆ ಇರಲೂ ಆಗದು.

“ಕೂತ್ಕೊಳ್ರೀ, ನಂಗೆ ತಲೆ ತಿರುಗುತ್ತೆ,” ಎಂದಳು ಹೆಂಡತಿ. ಅವಳು ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಕೂತಿದ್ದಳು.

ಒಳಗೆ ಕರೆದರು. ಮೇಜಿನ ಆಚೆ ತೀರ್ಪು ಕೊಡುವ ಕನ್ನಡಕದ ಮೇಡಂ, ಪಕ್ಕದಲ್ಲಿ ಕಂಪನಿಯ ವಕೀಲ. ವಕೀಲ ಎದ್ದು ಆಸ್ಪತ್ರೆಯ ಆ ಸಾಲನ್ನೇ ಮತ್ತೆ ಮತ್ತೆ ಓದಿದ. ಅವನು ಹತ್ತು ವರ್ಷ ಎಂದಾಗಲೆಲ್ಲ ಮುತ್ತಜ್ಜನಿಗೆ ಚೇಳು ಕುಟುಕಿದಂತಾಯಿತು. ಮಗಳ ಮಾತು ಎಲ್ಲಿ ನೆನಪಿರಬೇಕು!

“ಮೇಡಂ, ನಾನು ಸುಳ್ಳ,” ಎಂದು ಎದ್ದೇಬಿಟ್ಟ. “ನಮ್ಮ ಬೀದೀಲಿ ಯಾರನ್ನ ಬೇಕಾದ್ರೂ ಕೇಳಿ. ನೀವು ಕೂತಿರೋ ಈ ಕುರ್ಚಿ ಬೆಳಿಗ್ಗೆ ನನ್ನ ಅಂಗಡಿಗೆ ಬಂದ್ರೆ ಸಂಜೆಗೆ ಅದಕ್ಕೆ ನೂರು ವರ್ಷ ಆಗಿರುತ್ತೆ. ಹೊಟ್ಟೆಪಾಡು ಮೇಡಂ. ಅದೇ ಬಾಯಲ್ಲಿ ಇವಳ ನೋವಿಗೂ ವರ್ಷ ಸೇರಿಸಿಬಿಟ್ಟೆ. ನನ್ನಾಣೆಗೂ ನಂಗೇನೂ ಗೊತ್ತಿರ್ಲಿಲ್ಲ. ಹತ್ತು ವರ್ಷದಲ್ಲಿ ಒಂದು ದಿನ ಇವಳು ಅಮ್ಮಾ ಅಂದಿದ್ದು ನಾನು ಕೇಳಿಲ್ಲ. ಎಲ್ಲಾ ಬಾಯಿಗೆ ಬಂದದ್ದು!”

ಮೇಡಂ ತುಟಿಯಂಚಿನಲ್ಲಿ ನಗು ತಡೆದುಕೊಂಡರು. ವಕೀಲ ಬಿಡಲಿಲ್ಲ. “ಇವರೇ ಸುಳ್ಳ ಅಂತ ಒಪ್ಕೊಂಡ್ರಲ್ಲ. ಇವತ್ತು ಹೇಳ್ತಿರೋದು ನಿಜ ಅಂತ ಹೇಗೆ ನಂಬೋದು?”

ಗಿರಾಕಿಗಳು ಎಷ್ಟೇ ಜಗ್ಗಾಡಿದರೂ ಮುತ್ತಜ್ಜ ಹೀಗೆ ಸಿಕ್ಕಿಬಿದ್ದಿರಲಿಲ್ಲ.

ಮೇಡಂ ಅವನನ್ನು ಕೂರಿಸಿ ಹೆಂಡತಿಯ ಕಡೆ ತಿರುಗಿದರು. “ನೀವು ಹೇಳಿಮ್ಮ. ಪಾಲಿಸಿಗೆ ಮುಂಚೆ ನೋವಿತ್ತಾ?”

“ಇತ್ತು ಮೇಡಂ,” ಎಂದಳು ಅವಳು.

ಎಲ್ಲ ಮುಳುಗಿತು ಎಂದುಕೊಂಡ ಮುತ್ತಜ್ಜ. ವಕೀಲನ ಮುಖ ಅರಳಿತು.

“ಅಂಗಡೀಲಿ ಮರ ಉಜ್ಜಿ ಪಾಲಿಶ್ ಹಾಕೋ ಕೈ ಮೇಡಂ, ನೋಯದೆ ಇರುತ್ತಾ? ಕೆಲಸ ಮಾಡೋರಿಗೆಲ್ಲ ಇರೋದೇ ಅಂದ್ಕೊಂಡಿದ್ದೆ. ಯಾವ ಡಾಕ್ಟ್ರಿಗೂ ತೋರಿಸಿರ್ಲಿಲ್ಲ. ಇಂಥ ಕಾಯಿಲೆ ಅಂತ ಹೆಸರು ಕೇಳಿದ್ದೇ ಈ ವರ್ಷ.”

“ಮನೇಲಿ ಹೇಳಿರ್ಲಿಲ್ವಾ?”

“ಇಲ್ಲ.” ಅವಳು ಗಂಡನನ್ನು ನೋಡಿದಳು. “ಅವರಿಗೆ ಗೊತ್ತಿರ್ಲಿಲ್ಲ ಮೇಡಂ. ಈಗ್ತಾನೇ ಹೇಳಿದ್ರಲ್ಲ.”

ಮೇಡಂ ರಕ್ತಪರೀಕ್ಷೆಯ ಕಾಗದಗಳನ್ನು ತಿರುವಿದರು, ವಕೀಲನನ್ನು ಒಂದೆರಡು ಮಾತು ಕೇಳಿದರು. ಪಾಲಿಸಿಗೆ ಮುಂಚಿನ ಒಂದು ಚೀಟಿಯಾಗಲಿ ಪರೀಕ್ಷೆಯಾಗಲಿ ಅವನ ಬಳಿ ಇರಲಿಲ್ಲ. “ಕೈ ನೋಯೋದು ಬೇರೆ, ಕಾಯಿಲೆ ಗೊತ್ತಿದ್ದೂ ಮುಚ್ಚಿಡೋದು ಬೇರೆ,” ಎಂದರು ಮೇಡಂ. “ಕಂಪನಿ ವಾದ ನಿಲ್ಲಲ್ಲ. ಕ್ಲೇಮ್ ಕೊಡಬೇಕು ಅಂತ ಆದೇಶ ಬರೀತೀನಿ. ಇಂಜೆಕ್ಷನ್ ಇನ್ನು ತಪ್ಪಿಸ್ಬೇಡಿ.”

ಹೊರಗೆ ಬಂದಾಗ ಮುತ್ತಜ್ಜನ ಕಾಲು ನೆಲದ ಮೇಲಿರಲಿಲ್ಲ. “ನೋಡಿದ್ಯೇನೇ? ಹೆಂಗೆ ಒಪ್ಪಿಸಿಬಿಟ್ಟೆ! ನಾಳೆನೇ ಆಸ್ಪತ್ರೆಗೆ ಹೋಗೋಣ,” ಎನ್ನುತ್ತ ಮೆಟ್ಟಿಲಿಳಿದ. ನಾಲ್ಕು ಮೆಟ್ಟಿಲು ಇಳಿದ ಮೇಲೆ ಅವಳು ಜೊತೆಗಿಲ್ಲವೆಂದು ತಿಳಿಯಿತು. ಅವಳು ಮೇಲೆಯೇ ಗೋಡೆಗೆ ಒರಗಿ ನಿಂತಿದ್ದಳು.

“ಏನಾಯ್ತೇ? ಗೆದ್ವಲ್ಲ!”

“ಗೆದ್ವಿ,” ಎಂದಳು. “ಅವತ್ತು ಡಾಕ್ಟ್ರ ಹತ್ರ ನೀವು ಹತ್ತು ವರ್ಷ ಅಂದಾಗ ನಾನೇನು ಅಂದ್ಕೊಂಡೆ ಗೊತ್ತಾ? ನಾನು ಹೇಳದೆ ಇದ್ರೂ ಇವರು ನೋಡಿದಾರೆ ಅಂತ. ಇಷ್ಟು ವರ್ಷ ನೋಡ್ತಾನೇ ಇದ್ರು ಅಂತ. ಎಷ್ಟು ಸಮಾಧಾನ ಆಯ್ತು ಗೊತ್ತೇನ್ರೀ.”

“ಅಂದ್ರೆ... ನಿಜವಾಗ್ಲೂ?” ಎಂದ ಮುತ್ತಜ್ಜ.

“ಮಗಳು ಮೂರನೇ ಕ್ಲಾಸಲ್ಲಿದ್ಲು. ಬಲಗೈಲಿ ಬ್ರಷ್ ಹಿಡಿಯಕ್ಕಾಗದೆ ಎಡಗೈಗೆ ಬದಲಾಯಿಸ್ಕೊಂಡೆ.”

ಮಗಳು ಈಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಲೆಕ್ಕ ಹಾಕಿದರೆ ಅವನು ಬಾಯಿಗೆ ಬಂದಂತೆ ಹೇಳಿದ್ದು ಕಡಿಮೆಯೇ ಆಗಿತ್ತು. ಎಡಗೈ! ಅದನ್ನು ಅವನು ಕಂಡಿದ್ದ. ಕಂಡು, ಗಿರಾಕಿಗಳ ಮುಂದೆ ಕೊಚ್ಚಿಕೊಂಡಿದ್ದ ಕೂಡ. ‘ಎಡಗೈ ಪಾಲಿಶ್ ಸ್ವಾಮಿ, ಹಳೇ ಕಾಲದ ಪದ್ಧತಿ, ಈಗ ಯಾರಿಗೂ ಬರಲ್ಲ’ ಎಂದು ಎಷ್ಟು ಬೀರು, ಎಷ್ಟು ಮಂಚ ಮಾರಿದ್ದನೋ. ಅವಳು ಪಕ್ಕದಲ್ಲೇ ತಲೆ ತಗ್ಗಿಸಿ ಉಜ್ಜುತ್ತಿದ್ದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು.

ಇಳಿದಿದ್ದ ಮೆಟ್ಟಿಲುಗಳನ್ನು ಹತ್ತಿ ಅವಳ ಪಕ್ಕ ಬಂದು ನಿಂತ. ಫೈಲು ಹಿಡಿದ ಜನ ಅವರಿಬ್ಬರನ್ನು ಬಳಸಿಕೊಂಡು ಹತ್ತಿ ಇಳಿಯುತ್ತಿದ್ದರು. ಅವನು ಶಾಲಿನೊಳಗಿಂದ ಅವಳ ಬಲಗೈಯನ್ನು ಮೆಲ್ಲಗೆ ಹೊರಗೆ ತೆಗೆದು ತನ್ನ ಅಂಗೈ ಮೇಲಿಟ್ಟುಕೊಂಡ.

“ಯಾವ ಬೆರಳಿಂದ ಶುರುವಾಯ್ತು?” ಎಂದ.

ಎಷ್ಟು ದಿನದಿಂದ, ಎಲ್ಲೆಲ್ಲಿ, ಹೇಗೆ ಎಂದು ವೈದ್ಯರು ಕೇಳಿದ್ದರು, ಮೇಡಂ ಕೇಳಿದ್ದರು. ಅವನು ಕೇಳಿದ್ದು ಇದೇ ಮೊದಲು. ಅವಳು ಹೆಬ್ಬೆರಳು ತೋರಿಸಿದಳು.