ಸಣ್ಣಬ್ಬಿ ಅಂದರೆ

ಗುಲಾಬಿ ಅಡುಗೆಮನೆಗೆ ಬಂದವರೇ ಬಾಗಿಲು ಹಾಕಿಕೊಂಡರು. ನಾನು ಕೋಡುಬಳೆಯನ್ನು ತಟ್ಟೆಗೆ ಸುರಿಯುತ್ತಿದ್ದೆ. ಸಹಾಯಕ್ಕೆ ಬಂದರೇನೋ ಎಂದುಕೊಂಡು ಚಟ್ನಿಯ ಬಟ್ಟಲನ್ನು ಅವರತ್ತ ಚಾಚಿದೆ. ಅವರು ಬಟ್ಟಲು ಬಿಟ್ಟು ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

“ಇವತ್ತ್ ಆ ದಿಂಬಿನ ಕಥಿ ಮಾತಾಡುದ್ ಬ್ಯಾಡ ಅಕ್ಕ,” ಎಂದರು. “ವಿಜೇತಾ ಬಂದ್ ಕೂಕಂಡಿತ್ತ್.”

ವಿಜೇತಾ ಗುಲಾಬಿಯವರ ಮಗಳು. ಬರುವ ತಿಂಗಳು ಮದುವೆ. ಯಾವಾಗಲೂ ಅಮ್ಮನನ್ನು ನಮ್ಮ ಮನೆಯ ಮುಂದೆ ಇಳಿಸಿ ಹೋಗುವ ಹುಡುಗಿ ಅವತ್ತು ಒಳಗೇ ಬಂದು ಕೂತಿದ್ದಳು. ನಮ್ಮಲ್ಲಿಂದ ನೇರ ಲಂಡನ್ನಿನ ಆಚೆ ತುದಿಯ ಇಲ್ಫರ್ಡಿಗೆ ಹೋಗಿ ಮದುವೆ ಸೀರೆಗಳ ಬ್ಲೌಸು ತರಬೇಕಿತ್ತಂತೆ. ಬಂದರೇನಂತೆ, ಕಾದಂಬರಿಯಲ್ಲಿ ಮಕ್ಕಳು ಕೇಳಬಾರದ್ದೇನಿದೆ ಎಂದು ನಾನು ನಕ್ಕೆ. ಗುಲಾಬಿ ನಗಲಿಲ್ಲ.

“ಅದ್ ನಮ್ಮನಿ ಕಥಿ,” ಎಂದರು. “ಬರ್ದದ್ದ್ ನಮ್ಮ ಆಚೆಮನಿ ಹೆಣ್. ಅದ್ರೊಳ್ಗಿಪ್ಪು ಶಿಶು ಇವ್ಳೇ. ಇವ್ಳಿಗೆ ಗೊತ್ತಿಲ್ಲ.”

ಕಾದಂಬರಿಯ ಹೆಸರು ‘ಪಡುಮನೆಯ ಪುಕಾರು’. ಅವತ್ತು ನಮ್ಮ ಮನೆಯಲ್ಲಿ ಸೇರಲಿದ್ದ ಓದುಗರ ಬಳಗಕ್ಕೆ ಅದನ್ನು ಆರಿಸಿದವಳು ನಾನೇ. ಕುಂದಾಪುರ ಕಡೆಯ ಒಂದು ದೊಡ್ಡ ಮನೆ; ಮುಂಬಯಿಯಲ್ಲಿರುವ ಅಕ್ಕನಿಗೆ ಮಕ್ಕಳಿಲ್ಲ, ಊರಿನಲ್ಲಿರುವ ತಂಗಿಗೆ ಮೂರನೆಯ ಬಸಿರು. ಆ ಮಗುವನ್ನು ಅಕ್ಕನಿಗೆ ಕೊಡುವುದೆಂದು ಮನೆಯವರು ತೀರ್ಮಾನಿಸುತ್ತಾರೆ. ಊರಿನ ಬಾಯಿ ಮುಚ್ಚಿಸಲು ಅಕ್ಕ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಬಾಣಂತನಕ್ಕೆ ತವರಿಗೆ ಬರುತ್ತಾಳೆ. ಮದುವೆ ಊಟದ ಪಂಕ್ತಿಯಲ್ಲಿ ದಿಂಬು ಜಾರುತ್ತದೆ, ಸೂಲಗಿತ್ತಿಯ ಬಾಯಿಗೆ ಹಲಸಿನಹಣ್ಣು ತುರುಕಬೇಕಾಗುತ್ತದೆ. ಓದಿದ ರಾತ್ರಿ ನಾನು ನಕ್ಕ ನಗೆಗೆ ಪಕ್ಕದಲ್ಲಿ ಮಲಗಿದ್ದ ನನ್ನ ಯಜಮಾನರು ಎದ್ದು ಕೂತಿದ್ದರು. ಈಗ ಅದೇ ಅಕ್ಕ ನನ್ನ ಸಿಂಕಿನ ಪಕ್ಕ ನಿಂತಿದ್ದರು. ಮುಂಬಯಿಯಲ್ಲ, ಕ್ರೋಯ್ಡನ್ನು, ಅಷ್ಟೇ ವ್ಯತ್ಯಾಸ.

ಹಾಗಿದ್ದರೆ ಇವತ್ತು ಬಂದದ್ದಾದರೂ ಯಾಕೆ, ತಲೆನೋವು ಎಂದು ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಸುಳ್ಳೇಕೆ. ಗುಲಾಬಿ, ಇಷ್ಟು ವರ್ಷ ಒಬ್ಬರನ್ನೂ ಕೇಳಲಾಗದೆ ಹೋಯಿತು ಎಂದರು. ಮಾಡಿದ್ದು ಸರಿಯೋ ತಪ್ಪೋ ಎಂದು. ಪುಸ್ತಕದ ನೆಪದಲ್ಲಾದರೂ ನಾಲ್ಕು ಜನ ಏನನ್ನುತ್ತಾರೆ ಎಂದು ಕೇಳುವ ಆಸೆಯಾಯಿತಂತೆ. ಮಗಳು ಒಳಗೆ ಬಂದು ಕೂರುತ್ತಾಳೆಂದು ಅವರಿಗೂ ತಿಳಿದಿರಲಿಲ್ಲ.

“ಮದಿ ಮುಗೀಲಿ ಅಕ್ಕ. ಆಮೇಲ್ ನಾನೇ ಹೇಳ್ತೆ,” ಎಂದರು. “ಈಗ ಗೊತ್ತಾರೆ ಹೆಣ್ ನನ್ ಕೈಬಿಟ್ ಹೋತ್ತ್. ಆ ಪುಸ್ತಕದೊಳ್ಗೆ ಒಂದ್ ಶಬ್ದ ಇತ್ತ್ ಕಾಣಿ, ಅದೊಂದ್...”

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಗುಲಾಬಿ ಬೆಚ್ಚಿ ನನ್ನ ಕೈ ಬಿಟ್ಟು, ಕೋಡುಬಳೆಯ ತಟ್ಟೆ ಎತ್ತಿಕೊಂಡು ಹೋಗಿಬಿಟ್ಟರು. ಯಾವ ಶಬ್ದ ಎಂದು ಕೇಳಲಾಗಲಿಲ್ಲ. ದಿಂಬೇ ಇರಬೇಕು ಎಂದುಕೊಂಡೆ. ಎಂಥ ಬುದ್ಧಿ ನನ್ನದು! ಹಾಲ್‌ಗೆ ಹೋದವಳು ಸೋಫಾದ ಮೇಲಿದ್ದ ಕುಶನ್ನುಗಳನ್ನೆಲ್ಲ ಬಾಚಿ ಮಹಡಿಯ ಕೋಣೆಗೆ ಎಸೆದು ಬಂದೆ.

ಬಂದದ್ದು ಇಬ್ಬರೇ. ಶಿವಪ್ರಕಾಶ ಧಾರವಾಡದವರು, ಮೂಳೆ ಡಾಕ್ಟರು. ನಿಖಿತಾ ಬೆಂಗಳೂರಿನವಳು, ಸಿಟಿಯ ಯಾವುದೋ ಬ್ಯಾಂಕಿನಲ್ಲಿ ಕೆಲಸ. ಬೇರೆಯವರೆಲ್ಲ ಬಿಸಿಲು ಬಿತ್ತೆಂದು ಪಾರ್ಕಿಗೆ ಹೋಗಿದ್ದರು. ಇಂಗ್ಲೆಂಡಿನಲ್ಲಿ ಬಿಸಿಲು ಬಿದ್ದ ದಿನ ಕನ್ನಡ ಸಾಹಿತ್ಯವನ್ನು ಕೇಳುವವರಿಲ್ಲ. ವಿಜೇತಾ ಕಿಟಕಿಯ ಪಕ್ಕ ಫೋನು ನೋಡುತ್ತ ಕೂತಿದ್ದಳು. ಅವಳಿಗೆ ಕನ್ನಡ ಓದಲು ಬರದು, ಆದರೆ ಕೇಳಿದ್ದೆಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ನಾನು ಮುಖಪುಟದಿಂದ ಶುರುಮಾಡಿದೆ. ಕಾಗದ ಚೆನ್ನಾಗಿದೆ, ಅಚ್ಚು ಚೆನ್ನಾಗಿದೆ, ಬೆಲೆ ಹೆಚ್ಚಾಯಿತು ಎಂದೆ. ಲೇಖಕಿಯ ಹಾಸ್ಯಪ್ರಜ್ಞೆ ಎಂದು ಏನೇನೋ ಹೇಳಿದೆ. ಶಿವಪ್ರಕಾಶರು ಕೋಡುಬಳೆ ಮುರಿಯುತ್ತ ಕಾದರು, ಆಮೇಲೆ ತಡೆಯಲಾರದೆ ನನ್ನ ಮಾತಿನ ಮಧ್ಯೆ ಬಾಯಿ ಹಾಕಿದರು.

“ಅದೆಲ್ಲ ಇರ್ಲಿ ಬಿಡ್ರಿ ವೈದೇಹಿಯವ್ರ. ಆ ಅಕ್ಕ ಭಾರಿ ಕಿಲಾಡಿ ಇದ್ದಾಳ ನೋಡ್ರಿ. ತಂಗಿ ಕೂಸನ್ನ ಹಾರಿಸ್ಕೊಂಡು ಹೋಗಿ, ಊರ ಮುಂದ ತಾನೇ ಹಡದೇನಿ ಅಂತ ಕೂತಾಳ. ನಗಿ ಬರ್ತದ ಖರೆ, ಆದ್ರ ಇದು ಕಳವು.”

ಗುಲಾಬಿ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಮಡಿಲಲ್ಲಿದ್ದ ಕೈ ಮುಷ್ಟಿ ಕಟ್ಟಿತು. ನಾನು ಗಟ್ಟಿಯಾಗಿ, ಕಾಫಿ ಯಾರಿಗೆ, ಟೀ ಯಾರಿಗೆ ಎಂದು ಕೇಳಿದೆ. ನಿಖಿತಾ ಟೀ ಎಂದಳು, ಜೊತೆಗೆ ತನ್ನ ಅಭಿಪ್ರಾಯವನ್ನೂ ಹೇಳಿದಳು. ಅವಳಿಗೆ ಅಕ್ಕನ ಮೇಲೆ ಕೋಪವಿಲ್ಲವಂತೆ.

“ನಂಗೆ ಸಿಟ್ಟು ಬಂದಿದ್ದು ತಂಗಿ ಮೇಲೆ,” ಎಂದಳು. “ಹೆತ್ತ ಮಗೂನ ಕೊಟ್ಬಿಟ್ಟು, ಒಳಗಡೆ ಹೋಗಿ ಇನ್ನೊಂದು ಸೌಟು ಪಾಯಸ ಹಾಕಿಸ್ಕೊಳ್ತಾಳಲ್ಲ. ಅವಳು ತಾಯೀನಾ?”

ಗುಲಾಬಿ ತಲೆಯೆತ್ತಿ ನಿಖಿತಾಳನ್ನು ನೋಡಿದರು. ಕಿಲಾಡಿ ಎಂದಾಗ ಬಗ್ಗಿದ ತಲೆ ಈ ಮಾತಿಗೆ ಎದ್ದಿತ್ತು. ತುಟಿ ಅಲುಗಿತು. ಇವರು ಈಗ ಬಾಯಿಬಿಟ್ಟರೆ ಮುಗಿಯಿತು ಎಂದುಕೊಂಡೆ. ಕಿಟಕಿಯ ಹತ್ತಿರ ವಿಜೇತಾ, ಪಾಯಸದ ಮಾತಿಗೋ ಏನೋ, ಮುಗುಳ್ನಗುತ್ತಿದ್ದಳು. ಅವಳಿಗೆ ಅದು ಯಾರದೋ ಮನೆಯ ತಮಾಷೆ.

ಕಥೆಯಿಂದ ಇವರನ್ನು ಎಬ್ಬಿಸಿ ಬೇರೆ ಕಡೆ ಹೊರಡಿಸಬೇಕಿತ್ತು. ಭಾಷೆಗಿಂತ ನಿರಪಾಯವಾದ ವಿಷಯ ಯಾವುದಿದೆ? ಮೈಸೂರಿನವಳು ನಾನು, ಭಾಷೆಯ ಬಗ್ಗೆ ಮಾತಾಡಲು ಹುಟ್ಟಿದವಳು. ಪುಸ್ತಕ ತೆರೆದು, ನೀತಿಯ ಮಾತು ಸಾಕು, ಇದರ ಆಡುಮಾತಿನ ಸೊಗಸು ನೋಡಿ ಎಂದೆ. ಉದಾಹರಣೆಗೆ ತಂಗಿಯ ಅಡ್ಡಹೆಸರು, ‘ಸಣ್ಣಬ್ಬಿ’. ಅಬ್ಬಿ ಎಂದರೆ ಜಲಪಾತ, ಮಡಿಕೇರಿಯ ಅಬ್ಬಿಯನ್ನು ನಾವೆಲ್ಲ ನೋಡಿದ್ದೇವೆ. ಈ ತಂಗಿ ಪುಸ್ತಕದುದ್ದಕ್ಕೂ ಮಾತುಮಾತಿಗೆ ಕಣ್ಣೀರು ಸುರಿಸುತ್ತಾಳೆ. ಅದಕ್ಕೇ ಸಣ್ಣ ಜಲಪಾತ! ಎಂಥ ಕಲ್ಪನೆ ಎಂದು ನಾನೇ ತಲೆದೂಗಿದೆ.

ಗುಲಾಬಿಯವರ ಮುಖದ ರಕ್ತ ಇಳಿದುಹೋಗಿತ್ತು. ಅದನ್ನು ಕಂಡ ಕ್ಷಣ ನನಗೆ ಅವರು ಹೇಳಲು ಹೊರಟಿದ್ದ ಶಬ್ದ ಯಾವುದೆಂದು ತಿಳಿಯಿತು.

ವಿಜೇತಾ ಜೋರಾಗಿ ನಕ್ಕಳು. ಫೋನನ್ನು ತೊಡೆಯ ಮೇಲಿಟ್ಟು, ಜಲಪಾತವೂ ಅಲ್ಲ ಏನೂ ಅಲ್ಲ ಆಂಟಿ, ಅಬ್ಬಿ ಎಂದರೆ ಅಮ್ಮ, ನಮ್ಮೂರಲ್ಲಿ ಹಾಗೇ ಹೇಳೋದು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ತನಗೂ ಊರಿನಲ್ಲಿ ಒಬ್ಬ ಸಣ್ಣಬ್ಬಿ ಇದ್ದಾರೆ, ಅಮ್ಮನ ತಂಗಿ, ಮದುವೆಗೆ ಬರುತ್ತಿದ್ದಾರೆ ಎಂದೂ ಸೇರಿಸಿದಳು.

ಇಲ್ಲಿಗೆ ನಿಂತಿದ್ದರೆ ನಿಲ್ಲುತ್ತಿತ್ತೇನೋ. ನಾನು ನಿಖಿತಾಳ ಕಡೆ ಕಣ್ಣು ಬಿಟ್ಟೆ. ಅವಳಿಗೆ ಅದು ಹೇಗೆ ಅರ್ಥವಾಗಬೇಕು? ನನ್ನ ತಪ್ಪು ಹಿಡಿಯುವ ಅವಕಾಶ ಸಿಕ್ಕಿದ ಖುಷಿಯಲ್ಲಿ ಪುಟ ತಿರುಗಿಸುತ್ತಿದ್ದಳು. ಆದರೆ ಇಲ್ಲಿ ಬೇರೆ ಥರ ಇದೆಯಲ್ಲ ಎಂದು, ನಾನು ನಗುವ ಭರದಲ್ಲಿ ಹಾರಿಸಿಬಿಟ್ಟಿದ್ದ ಸಾಲುಗಳನ್ನು ಗಟ್ಟಿಯಾಗಿ ಓದಿದಳು:

“ಸೀಮೆಯಲ್ಲಿ ಯಾರೂ ಚಿಕ್ಕಮ್ಮನನ್ನು ಹಾಗೆ ಕರೆಯುವುದಿಲ್ಲ. ಹೆತ್ತವಳಿಗೆ ಅಬ್ಬಿ ಎನ್ನಿಸಿಕೊಳ್ಳುವ ಆಸೆ, ದೊಡ್ಡವಳಿಗೆ ಹೆದರಿಕೆ. ಪಡುಮನೆಯ ಅಜ್ಜಿ ಇಬ್ಬರಿಗೂ ರಾಜಿ ಮಾಡಿಸಿದಳು. ಅಬ್ಬಿಗೆ ಒಂದು ಸಣ್ಣ ಸೇರಿಸಿ, ಊರಿನಲ್ಲಿ ಇಲ್ಲದ ಪದವನ್ನು ಆ ಒಂದು ಮಗುವಿನ ಬಾಯಿಗೆಂದೇ ಹುಟ್ಟಿಸಿದಳು.”

ಹೊರಗೆ ಟ್ರಾಮು ಹೋದ ಸದ್ದು ಕೇಳಿಸಿತು. ವಿಜೇತಾಳ ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ, ಎಲ್ಲಿ ಇಡುವುದೆಂದು ತಿಳಿಯದ ಹಾಗೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಅವಳು ಅಮ್ಮನನ್ನು ನೋಡಿದಳು. ಗುಲಾಬಿ ನೆಲ ನೋಡುತ್ತಿದ್ದರು. ಅಮ್ಮ ಇಷ್ಟು ಮಾತಿಗೆ ಕಣ್ಣು ತಪ್ಪಿಸುವವರಲ್ಲ. ಹುಡುಗಿ ದಡ್ಡಿಯಲ್ಲ, ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವಳು.

ಶಿವಪ್ರಕಾಶರಿಗೆ ಏನೋ ಹೊಳೆದಿರಬೇಕು, ಕೈಯಲ್ಲಿದ್ದ ಕೋಡುಬಳೆಯನ್ನು ತಟ್ಟೆಗೆ ವಾಪಸಿಟ್ಟು ಎದ್ದು ನಿಂತರು. ನಿಖಿತಾಳೂ ಎದ್ದಳು. ಹೊತ್ತಾಯಿತು, ಮುಂದಿನ ತಿಂಗಳು ಸಿಗೋಣ ಎಂದು ನಾನೂ ಗೊಣಗಿದೆ. ವಿಜೇತಾ ಯಾರೂ ಹೋಗಬಾರದು ಎಂದಳು. ಅವಳ ದನಿ ಏರಿರಲಿಲ್ಲ. ಎದ್ದು ಬಂದು ನಿಖಿತಾಳ ಕೈಯಿಂದ ಪುಸ್ತಕ ತೆಗೆದುಕೊಂಡಳು. ಅವಳಿಗೆ ಓದಲಾಗದ ಆ ಪುಟವನ್ನು ನೋಡುತ್ತ ಸ್ವಲ್ಪ ನಿಂತು, ಅದನ್ನು ನನ್ನ ಮಡಿಲಲ್ಲಿಟ್ಟಳು.

“ಮಗು ಕೊಡೋದು ಓದಿ ಆಂಟಿ,” ಎಂದಳು. ಅಷ್ಟು ವರ್ಷದಲ್ಲಿ ನನ್ನ ಜೊತೆ ಅವಳು ಆಡಿದ ಮೊದಲ ಕನ್ನಡ ಮಾತು. “ಅಮ್ಮ ಕೂಕಂಡ್ ಕೇಣ್ಲಿ.”

ಬೇಡಮ್ಮ, ಇದೊಂದು ನಗೆಗಾದಂಬರಿ, ಎಲ್ಲ ಕಟ್ಟಿದ್ದು ಎಂದೆ. ಅವಳು ಕದಲಲಿಲ್ಲ. ನಾನು ಗುಲಾಬಿಯವರನ್ನು ನೋಡಿದೆ. ಅವರು ಬೇಡವೆನ್ನಲಿಲ್ಲ. ಬೇಡವೆಂದಿದ್ದರೆ ನನ್ನಿಂದ ಖಂಡಿತ ಆಗುತ್ತಿರಲಿಲ್ಲ, ಪುಸ್ತಕವನ್ನು ಹೊರಗೆ ಎಸೆಯುತ್ತಿದ್ದೆ. ಹತ್ತು ದಿನದ ಹಿಂದೆ ಹೊಟ್ಟೆ ಹಿಡಿದು ನಕ್ಕ ಪುಟವನ್ನು ಒಂದೊಂದೇ ಪದ ಬಿಡಿಸಿ ಓದಿದೆ.

“ತಂಗಿ ಮಗುವನ್ನು ಅಕ್ಕನ ಕೈಗೆ ದಾಟಿಸಿ, ಸೆರಗು ಕೊಡವಿಕೊಂಡಳು. ಭಾರ ಇಳಿಯಿತು ಮಾರಾಯ್ತಿ ಎಂದಳು. ಹಿಂದೆ ತಿರುಗಿ ನೋಡದೆ ಒಳಗೆ ಹೋಗಿ, ಪಾಯಸ ಉಳಿದಿದೆಯೇ ಎಂದು...”

“ಅದ್ ಸುಳ್ಳ್,” ಎಂದರು ಗುಲಾಬಿ.

ನಾನು ನಿಲ್ಲಿಸಿದೆ. ಒಂದು ವಿಷಯ ಹೇಳಲೇಬೇಕು. ಆ ಗಳಿಗೆಯಲ್ಲಿ ಪುಸ್ತಕದಲ್ಲಿದ್ದ ಸುಳ್ಳು ಗುಲಾಬಿಯವರ ಪರವಾಗಿತ್ತು. ತಂಗಿ ನಗುನಗುತ್ತ ಕೊಟ್ಟಳು, ಅಕ್ಕ ತೆಗೆದುಕೊಂಡಳು ಎಂದರೆ ಅಕ್ಕನ ಮೇಲೆ ದೊಡ್ಡ ತಪ್ಪೇನೂ ಉಳಿಯುವುದಿಲ್ಲ. ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

“ಕೊಡ್ತೆ ಅಂದದ್ದ್ ಹೌದ್,” ಎಂದರು ಗುಲಾಬಿ. ಮಾತು ನಿಖಿತಾಳಿಗೋ ಮಗಳಿಗೋ ತಿಳಿಯುತ್ತಿರಲಿಲ್ಲ. “ಇನ್ನ್ ಸ್ವಲ್ಪ ದಿನ ಹಾಲ್ ಕುಡ್ಸಿ ಕೊಡ್ತೆ ಅಂದ್ಲ್. ದಿನಾ ಹಾಂಗೇ ಅಂತಿದ್ಲ್. ಮನ್ಸ್ ಬದ್ಲ್ ಮಾಡ್ತ್ಲ್ ಅಂದೇಳಿ ನಂಗೆ ಹೆದ್ರಿಕಿ ಆಯ್ತ್. ಮಧ್ಯಾಹ್ನ ಅವ್ಳ್ ನಿದ್ರಿ ಮಾಡ್ವತಿಗೆ ತೊಟ್ಲಿಂದ ಎತ್ಕಂಡ್ ಬಸ್ ಹತ್ದೆ. ಅವ್ಳ್ ಕೊಡ್ಲಿಲ್ಲ ಮಗಾ. ಅವ್ಳಿಗೆ ಯಾರೂ ಎಂತದೂ ಹೇಳುದ್ ಬ್ಯಾಡ.”

ನಿಖಿತಾ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಶಿವಪ್ರಕಾಶರು ಗೋಡೆಯ ಕಡೆ ತಿರುಗಿದರು, ಕಳವು ಎಂದವರು ಅವರೇ. ನನಗೆ ಗುಲಾಬಿಯವರ ಮೇಲೆ ಸಿಟ್ಟು ಬಂತು, ಮರುಕವೂ ಬಂತು. ಅವರನ್ನು ತಬ್ಬಿಕೊಳ್ಳಬೇಕೆನ್ನಿಸಿತು, ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ವಿಜೇತಾ ಅಮ್ಮನೆದುರು ಕಾರ್ಪೆಟ್ಟಿನ ಮೇಲೆ ಕೂತಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ಎದ್ದಾದ್ಮೇಲೆ ಅವ್ರ್ ಎಂತ ಮಾಡ್ರ್?”

“ಗೊತ್ತಿಲ್ಲ.”

“ಇಷ್ಟ್ ವರ್ಷ ಆದ್ರೂ?”

“ನಾ ಕೇಣ್ಲೇ ಇಲ್ಲ,” ಎಂದರು ಗುಲಾಬಿ. “ಅವ್ಳೂ ಹೇಳ್ಲಿಲ್ಲ.”

ವಿಜೇತಾ ಫೋನು ತೆಗೆದು ಹೆಸರೊಂದನ್ನು ಒತ್ತಿದಳು. ಸ್ಪೀಕರಿಗೆ ಹಾಕಿ ಅಮ್ಮನ ಅಂಗೈಯಲ್ಲಿಟ್ಟಳು. ಊರಿನಲ್ಲಿ ಆಗ ರಾತ್ರಿ ಊಟದ ಹೊತ್ತು. ಗುಲಾಬಿ ಫೋನನ್ನು ಕೆಂಡ ಹಿಡಿದ ಹಾಗೆ ಹಿಡಿದಿದ್ದರು. ಕಟ್ ಮಾಡುತ್ತಾರೆ ಎಂದುಕೊಂಡೆ. ರಿಂಗು ಆಗುತ್ತಲೇ ಇತ್ತು.

“ಈಗ ಕೇಣ್ ಅಮ್ಮ,” ಎಂದಳು ವಿಜೇತಾ.

ಆ ಕಡೆ ಎತ್ತಿದರು. ಹಿಂದೆ ಟೀವಿಯ ಸದ್ದು, ಪಾತ್ರೆಯ ಸದ್ದು. ವಿಜೇತಾಳ ಫೋನೆಂದು ತಿಳಿದು, ಉಂಡಾಯ್ತಾ ಮಗಾ, ಬ್ಲೌಸ್ ಸಿಕ್ತಾ ಎಂದು ಹೆಂಗಸೊಬ್ಬರು ಸಲುಗೆಯಿಂದ ಕೇಳಿದರು. ಗುಲಾಬಿ ಫೋನನ್ನು ಬಾಯಿಯ ಹತ್ತಿರ ತಂದರು.

“ನಾನ್, ನಿನ್ನಕ್ಕ,” ಎಂದರು. “ಆವತ್ತ್ ನೀ ಏಳ್ವತಿಗೆ ತೊಟ್ಲ್ ಖಾಲಿ ಇದ್ದಿತ್ತಲೆ. ನೀ ಎಂತ ಮಾಡ್ದೆ?”

ಆ ಕಡೆ ಯಾರೋ ಟೀವಿ ಆರಿಸಿದರು.

“ಈಗ ಕೇಣ್ತ್ಯಾ, ಅಕ್ಕ?”