ಮೂಗಿನ ಮೇಲ್

ಮೂರು ದಿನದಿಂದ ಮೂಗು ಒಂದು ಮಾತೂ ಆಡಿರಲಿಲ್ಲ. ಉಳಿದವರಿಗೆಲ್ಲ ಅದು ನೆಮ್ಮದಿ. ಟಪಾಲಕ್ಕನಿಗೆ ಮಾತ್ರ ಅದು ಸರಿಕಾಣಲಿಲ್ಲ.

ಮೂಗು ಅಂದರೆ ಯಾರ ಮುಖದ ಮೇಲಿನದೂ ಅಲ್ಲ. ಇದು ಹಣ್ಣಿನ ಉಗ್ರಾಣದ ಮೂಗು. ಸೇಬು ಆರು ತಿಂಗಳು ಕೆಡದೆ ಇರಬೇಕಾದರೆ ಕೋಣೆಯ ಆಕ್ಸಿಜನ್ ಹೊರಗೆ ತಳ್ಳಿ ನೈಟ್ರೋಜನ್ ತುಂಬಬೇಕು. ಆ ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಹಣ್ಣಿಗೆ ಒಳ್ಳೇ ನಿದ್ದೆ, ಮನುಷ್ಯನಿಗೆ ಎರಡೇ ಉಸಿರು. ಅದಕ್ಕೇ ಪ್ರತಿ ಕೋಣೆಯ ಗಾಳಿ ಅಳೆಯೋಕೆ ಗೋಡೆಗೊಂದು ಪೆಟ್ಟಿಗೆ ಬಡಿದಿದ್ದರು, ಕೆಲಸದವರು ಅದಕ್ಕೆ ಮೂಗು ಅಂತ ಹೆಸರಿಟ್ಟಿದ್ದರು. ಹಣ್ಣು ತೆಗೆದ ಕೋಣೆಯಲ್ಲಿ ಗಾಳಿ ಕೆಟ್ಟರೆ ಮೂಗು ಮೇಲ್ ಕಳಿಸುತ್ತಿತ್ತು. ಆ ಮೇಲ್ ನೇರ ‘ಎಚ್ಚರ’ ಅನ್ನೋ ಚಾಟ್ ಚಾನೆಲ್‌ಗೆ ಬಂದು ಎಲ್ಲರ ಫೋನಿನಲ್ಲಿ ಕೆಂಪಗೆ ಕಾಣುತ್ತಿತ್ತು. ಮೊದಲು ಸೈರನ್ ಇತ್ತು. ಸುಮ್ಮಸುಮ್ಮನೆ ಅರಚುತ್ತೆ, ಹೇಗಿದ್ದರೂ ಫೋನಿಗೆ ಬರುತ್ತಲ್ಲ ಅಂತ ಮ್ಯಾನೇಜರ್ ಅದನ್ನು ಕಿತ್ತು ಹಾಕಿಸಿದ, ಮಹಾ ಬುದ್ಧಿವಂತ. ಚಾನೆಲ್‌ನಲ್ಲಿ ಕೆಂಪು ಕಂಡರೆ ಕೋಣೆಗೆ ಕಾಲಿಡೋ ಹಾಗಿಲ್ಲ, ಕಾಣದಿದ್ದರೆ ಹೋಗಬಹುದು. ಅಷ್ಟೇ ನಿಯಮ.

ಮಹಡಿಯ ಆಫೀಸಿನಲ್ಲಿ ಕೂತು ಈ ಮೇಲು, ಚಾಟುಗಳ ಉಸಾಬರಿ ನೋಡಿಕೊಳ್ಳುವವಳು ಟಪಾಲಕ್ಕ. ಅವಳ ಗಂಡನ ತಮ್ಮ ಅಲ್ಲೇ ಕೆಳಗೆ ಫಿಟ್ಟರ್. ಹತ್ತು ವರ್ಷದವನಿದ್ದಾಗಿಂದ ಅವಳ ಕೈತುತ್ತು ತಿಂದು ಬೆಳೆದವನು. ಎಲ್ಲರೂ ಟಪಾಲಕ್ಕ ಅಂದರೂ ಅವನಿಗೆ ಅವಳು ಅತ್ತಿಗೆಯೇ. ಮೂರನೇ ಕೋಣೆ ಖಾಲಿಯಾಗಿತ್ತು. ಅದರ ಫ್ಯಾನ್ ಬಿಚ್ಚುವ ಕೆಲಸ ಇವತ್ತು ಹನ್ನೊಂದಕ್ಕೆ ಅವನ ಪಾಲಿಗೆ ಬಂದಿತ್ತು.

ದಿನಾ ಬೆಳಿಗ್ಗೆ ಏಳಕ್ಕೆ ‘ಎಲ್ಲ ಸರಿಯಿದೆ’ ಅನ್ನುವ ಮೇಲೂ ಮೂಗಿನಿಂದಲೇ ಬರಬೇಕು. ಅದೂ ಬಂದಿಲ್ಲ ಅಂತ ಟಪಾಲಕ್ಕ ಹೇಳಿದರೆ ಮ್ಯಾನೇಜರ್ ನಕ್ಕ. ಮೂಗಿಗೆ ನೆಗಡಿಯಾಗಿರಬೇಕು ಬಿಡಮ್ಮ ಅಂದ. ಅವಳು ಬಿಡುವ ಪೈಕಿ ಅಲ್ಲ. ಒಂಬತ್ತಕ್ಕೆ ಕೂತವಳೇ ಮೊದಲು ಚಾನೆಲ್‌ನಲ್ಲಿ ಎಲ್ಲರಿಗೂ ಬರೆದಳು: “ಇವತ್ತು ಬರೋ ಕೆಂಪು ಮೇಲ್ ಎಲ್ಲ ಟೆಸ್ಟ್. ತಲೆ ಕೆಡಿಸ್ಕೋಬೇಡಿ.”

ಆಮೇಲೆ ಮೂಗಿನದೇ ಮಾತಿನಲ್ಲಿ, ಕೋಣೆ ಮೂರು, ಆಕ್ಸಿಜನ್ ಕಡಿಮೆ, ಒಳಗೆ ಹೋಗಬೇಡಿ ಅಂತ ತನ್ನ ಮೇಲ್‌ನಿಂದ ಕಳಿಸಿದಳು. ಅದು ಟಕ್ಕಂತ ಬಂತು. ಅಂದರೆ ಚಾನೆಲ್‌ನ ವಿಳಾಸ ಸರಿಯಿದೆ. ಚಿತ್ರ ಸೇರಿಸಿ ಕಳಿಸಿದಳು, ಉದ್ದ ಮಾಡಿ ಕಳಿಸಿದಳು, ಮ್ಯಾನೇಜರನ ಮೇಲ್‌ನಿಂದಲೂ ಕಳಿಸಿದಳು. ಆರಕ್ಕೆ ಆರೂ ಬಂದವು. ಅಕ್ಕಾ, ನಾವೆಲ್ಲ ಆರು ಸಲ ಸತ್ತಾಯ್ತು, ಇನ್ನು ಊಟಕ್ಕಾದ್ರೂ ಬಿಡು ಅಂತ ಕೆಳಗಿನವರು ಕಿಚಾಯಿಸಿದರು. ಅವಳಿಗೆ ತಲೆ ಚಿಟ್ಟು ಹಿಡಿಯಿತು. ಎಲ್ಲರ ಮೇಲ್ ಬರುತ್ತೆ, ಮೂಗಿನದೊಂದು ಬರಲ್ಲ ಅಂದರೆ ಏನರ್ಥ?

ಹತ್ತೂಮುಕ್ಕಾಲಿಗೆ, ಇಷ್ಟು ದಿನ ಯಾರೂ ಇಣುಕದ ಮೂಗಿನ ಸ್ವಂತ ಮೇಲ್‌ಪೆಟ್ಟಿಗೆಯನ್ನು ತೆರೆದಳು. ಒಳಗೆ ನಲವತ್ತೊಂದು ಮೇಲ್ ವಾಪಸ್ ಬಂದು ಬಿದ್ದಿದ್ದವು. ಪ್ರತಿಯೊಂದರ ತಲೆಯ ಮೇಲೂ ಒಂದೇ ಕಾರಣ: ಕಳಿಸಿದವರು ನಿಮ್ಮ ಆಫೀಸಿನವರಲ್ಲ. ಟಪಾಲಕ್ಕನ ಮುಖಕ್ಕೆ ರಕ್ತ ನುಗ್ಗಿತು. ಮೂರು ದಿನದ ಹಿಂದೆ ಚಾನೆಲ್ ತುಂಬ ಜಾಹೀರಾತು ಬಂದು ಮ್ಯಾನೇಜರ್ ಕೂಗಾಡಿದಾಗ, ಹೊರಗಿನವರ ಮೇಲ್ ಬೇಡ ಅಂತ ಸೆಟ್ಟಿಂಗ್ ಬದಲಿಸಿದ್ದು ಇವಳೇ. ಮೂಗಿನ ಮೇಲ್ ಅದನ್ನು ಮಾಡಿಕೊಟ್ಟ ಕಂಪನಿಯ ವಿಳಾಸದಿಂದ ಬರುತ್ತದೆ, ಅದೂ ಹೊರಗಿನವರ ಲೆಕ್ಕಕ್ಕೇ ಸೇರಿತ್ತು.

ನಾಚಿಕೆಯಲ್ಲಿ, ಅವಸರದಲ್ಲಿ, ವಾಪಸ್ ಬಂದವುಗಳ ಒಳಗೆ ಏನಿದೆ ಅಂತಲೂ ಓದದೆ ಮೊದಲು ಸೆಟ್ಟಿಂಗ್ ಸರಿ ಮಾಡಿದಳು. ಹತ್ತು ನಿಮಿಷ ಕಣ್ಣು ಕೀಲಿಸಿ ಕಾದಳು. ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ಚಾನೆಲ್‌ನಲ್ಲಿ ಮೂಗಿನ ಮೇಲ್ ಕೆಂಪಗೆ ಬಂದು ಕೂತಿತು. ಅಬ್ಬ, ಕೊನೆಗೂ ಬಂತಲ್ಲ ಅಂತ ಮೇಜು ಕುಟ್ಟಿ ನಕ್ಕೇಬಿಟ್ಟಳು.

ಆಮೇಲೆ ಓದಿದಳು. ಕೋಣೆ ಮೂರು. ಆಕ್ಸಿಜನ್ ನೂರಕ್ಕೆ ಐದು. ಒಳಗೆ ಹೋಗಬೇಡಿ.

ಇದನ್ನು ಅವಳು ಕಳಿಸಿರಲಿಲ್ಲ. ವಾಪಸ್ ಬಂದಿದ್ದ ಮೇಲ್‌ಗಳನ್ನು ಬಿಚ್ಚಿದಳು. ಖಾಲಿ ಕೋಣೆಗೆ ನಿನ್ನೆ ಸಂಜೆಯಿಂದಲೂ ಎಲ್ಲಿಂದಲೋ ನೈಟ್ರೋಜನ್ ಸೋರುತ್ತಿದೆ. ಹದಿನೇಳು, ಹನ್ನೆರಡು, ಎಂಟು ಅಂತ ಮೂಗು ರಾತ್ರಿಯಿಡೀ ಗಂಟಲು ಹರಿದುಕೊಂಡಿತ್ತು. ಅಷ್ಟರಲ್ಲಿ ಆ ಕೆಂಪು ಮೇಲ್‌ನ ಕೆಳಗೆ ಮೈದುನನ ಉತ್ತರ ಬಂತು: “ಏಳನೇದೂ ಬಂತು ಅತ್ತಿಗೆ. ನಿಮ್ಮ ಟೆಸ್ಟ್ ಪಾಸು. ನಾನು ಒಳಗೆ ಹೊರಟೆ.”

ಇದು ನಿಜ, ಹೋಗಬೇಡ ಅಂತ ಬರೆದಳು. ಯಾರೋ ಅದಕ್ಕೂ ನಗುವ ಮುಖ ಹಾಕಿದರು. ಅವನಿಗೆ ಫೋನ್ ಮಾಡಿದಳು, ರಿಂಗಾಯಿತು, ಎತ್ತಲಿಲ್ಲ. ಒಳಗೆ ಹೋಗುವವರು ಫೋನನ್ನು ಹೊರಗೇ ಇಡಬೇಕು. ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದಳು.

ಮೂರನೇ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಎದುರಿಗೆ ಮೇಸ್ತ್ರಿಯೊಬ್ಬನೇ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ಕೂಗಿದರೆ ಇವಳ ಮೈದುನ ಓಗೊಡಲಿಲ್ಲವಂತೆ. ನೋಡಿಕೊಂಡು ಬರ್ತೀವಿ ಅಂತ ಇಬ್ಬರು ಹೋದರಂತೆ, ಅವರ ಸದ್ದೂ ಇಲ್ಲವಂತೆ. ಹೇಳುತ್ತಲೇ ಅವನು ಹೊಸ್ತಿಲ ಮೇಲೆ ಕಾಲಿಟ್ಟ.

ಟಪಾಲಕ್ಕ ಎರಡೂ ಕೈಯಿಂದ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

“ಬಿಡಿ ಅಕ್ಕಾ, ಒಳಗಿರೋದು ನಿಮ್ಮ ಹುಡುಗ.”

“ಗೊತ್ತು,” ಅಂದಳು. ಬಿಡಲಿಲ್ಲ.